ಕಾರು ಬಾರದ ದಾರಿ

ಕಾಮಾಕ್ಷಿಗೆ ಗುದ್ದಿದ ಕಾರಿನವನು ಆಸ್ಪತ್ರೆಗೆ ಹೂಗುಚ್ಛ ಹಿಡಿದುಕೊಂಡು ಬಂದಿದ್ದ. ಕೆಟ್ಟ ಮನುಷ್ಯನೇನಲ್ಲ. ಮಂಚದ ಪಕ್ಕ ತಲೆ ತಗ್ಗಿಸಿ ನಿಂತು, ಮಳೆಯಲ್ಲಿ ನೀವು ಕಾಣಲೇ ಇಲ್ಲ ಎಂದು ಎರಡೆರಡು ಸಲ ಹೇಳಿದ. ಹೊರಡುವಾಗ ಮಾತ್ರ, ಈ ವಯಸ್ಸಿನಲ್ಲಿ ಅಂಥ ರಸ್ತೆಯಲ್ಲಿ ಸೈಕಲ್ ತುಳಿಯುವುದು ಅಷ್ಟು ಕ್ಷೇಮವಲ್ಲ ಎಂಬ ಮಾತನ್ನೂ ಸೇರಿಸಿದ. ಕಾಮಾಕ್ಷಿ, ಅವನು ಬಾಗಿಲು ದಾಟಿದ ಮೇಲೆ ನರ್ಸನ್ನು ಕರೆದು ಹೂವನ್ನು ಬೇರೆ ಯಾರ ಮೇಜಿನ ಮೇಲಾದರೂ ಇಡಲು ಹೇಳಿದಳು.

"ಮೈತುಂಬ ಹಳದಿ ಜಾಕೆಟ್ ಹಾಕಿದ್ದೆ, ಹಿಂದ ಕೆಂಪು ಲೈಟ್ ಹತ್ತಿತ್ತು," ಎಂದಳು ಗಂಡ ಪದ್ಮನಾಭನಿಗೆ. "ಕಾಣಲಿಲ್ಲ ಅಂದ್ರ ನೋಡಲಿಲ್ಲ ಅಂತ ಅರ್ಥ."

ಡನೀಡಿನ್‌ನ ಆ ರಸ್ತೆಯ ಅಂಚಿನಲ್ಲಿ, ಚರಂಡಿಯ ನೀರಿನಲ್ಲಿ ಹೆಂಡತಿ ಬಿದ್ದಿದ್ದನ್ನು, ಸುದ್ದಿ ಕೇಳಿ ಓಡಿಹೋಗಿ, ಕಣ್ಣಾರೆ ಕಂಡವನು ಅವನು. ಅವಳ ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಡಾಕ್ಟರು ಒಳಗೆ ರಾಡು ಕೂರಿಸಿದ್ದರು. ಅವಳು ಮನೆಗೆ ಬರುವ ಹೊತ್ತಿಗೆ ಪದ್ಮನಾಭ ಒಂದು ಕೆಲಸ ಮುಗಿಸಿಟ್ಟಿದ್ದ: ಚಕ್ರ ಸೊಟ್ಟಗಾಗಿದ್ದ ಅವಳ ನೇರಳೆ ಬಣ್ಣದ ಸೈಕಲ್ಲನ್ನು ಗ್ಯಾರೇಜಿನ ಸೂರಿನ ಕೊಕ್ಕೆಗೆ, ಅವಳ ಕೈಗೆ ಎಟುಕದಷ್ಟು ಎತ್ತರದಲ್ಲಿ, ನೇತುಹಾಕಿದ್ದ.

ಆ ಸೈಕಲ್ಲು ಅವಳಿಗೆ ಸಿಕ್ಕಿದ್ದು ಆಕ್ಲೆಂಡ್‌ನ ಏವನ್‌ಡೇಲ್ ಬಡಾವಣೆಯ ಭಾನುವಾರದ ಸಂತೆಯಲ್ಲಿ. ಗಂಡಹೆಂಡಿರು ಈ ದೇಶಕ್ಕೆ ಬಂದ ಹೊಸತು. ಮೈಸೂರಿನ ಪದ್ಮನಾಭನಿಗೆ ಅದೇ ನಗರದ ಈಸ್ಟ್ ತಮಾಕಿಯ ಒಂದು ಯಂತ್ರದ ಕಾರ್ಖಾನೆಯಲ್ಲಿ ಕೆಲಸ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಿದ ಕಾಮಾಕ್ಷಿಗೆ ಇಲ್ಲಿ ಮತ್ತೆ ಪರೀಕ್ಷೆ ಪಾಸಾಗುವ ತನಕ ಮನೆಯೇ ಗತಿ. ಮೆಂತ್ಯದ ಸೊಪ್ಪು ಕೊಳ್ಳಲು ಹೋದವಳು ಹಳೆಯ ಸಾಮಾನಿನ ರಾಶಿಯಲ್ಲಿ ಸೈಕಲ್ ನೋಡಿ ನಿಂತುಬಿಟ್ಟಳು. ಧಾರವಾಡದಲ್ಲಿ, ಅಪ್ಪನ ಎತ್ತರದ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ, ಮೊಣಕೈ ಕಿತ್ತುಕೊಂಡು ಕಲಿತ ವಿದ್ಯೆ ಅದು. ಸೊಪ್ಪನ್ನು ಮುಂದಿನ ಬುಟ್ಟಿಯಲ್ಲಿಟ್ಟುಕೊಂಡು ಮನೆಯವರೆಗೂ ತುಳಿದುಕೊಂಡೇ ಹೋದಳು. ಆಮೇಲೆ ಡನೀಡಿನ್‌ನಲ್ಲಿ ವಯಸ್ಸಾದವರ ವಾರ್ಡಿನಲ್ಲಿ ಕೆಲಸ ಸಿಕ್ಕಾಗ, ಲಾರಿಯಲ್ಲಿ ಪಾತ್ರೆಪಗಡದ ಜೊತೆ ಸೈಕಲ್ಲೂ ದೇಶದ ದಕ್ಷಿಣ ದ್ವೀಪಕ್ಕೆ ಬಂತು. ಆಗಿನಿಂದ ಮಳೆಯಿರಲಿ, ಮಂಜಿರಲಿ, ಡ್ಯೂಟಿಗೆ ಹೋಗುವುದು ಅದರಲ್ಲೇ.

ಈಗ ಎಲ್ಲರದೂ ಒಂದೇ ರಾಗ. ಕನ್ನಡ ಕೂಟದವರು ಡಬ್ಬಿಗಳಲ್ಲಿ ಸಾರು, ಪಲ್ಯ ತಂದುಕೊಟ್ಟು, ದೇವರು ದೊಡ್ಡವನು, ಇನ್ನಾದರೂ ಆರಾಮಾಗಿರಿ ಎಂದರು. ಆಕ್ಲೆಂಡ್‌ನಲ್ಲಿ ಎಂಜಿನಿಯರ್ ಆಗಿದ್ದ ಮಗಳು ಹರ್ಷಿಣಿ ದಿನಾ ಫೋನ್ ಮಾಡಿ ಸೈಕಲ್ ಮಾರಿದಿರಾ ಎಂದು ಕೇಳಿದಳು. ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಿದ್ದರು. ಕಾಮಾಕ್ಷಿಗೆ ಹೆದರಿಕೆ ಹುಟ್ಟಿಸಿದ್ದೇ ಆ ಪ್ರೀತಿ. ವರ್ಷಗಟ್ಟಲೆ ಅವಳು ವಾರ್ಡಿನಲ್ಲಿ ಕಂಡಿದ್ದು ಅದನ್ನೇ. ಒಮ್ಮೆ ಬಿದ್ದ ಹೆಂಗಸಿಗೆ ಮನೆಯವರೆಲ್ಲ ಸೇರಿ ಒಂದು ಮೆತ್ತನೆಯ ಕುರ್ಚಿ ತಂದುಕೊಡುತ್ತಾರೆ. ಮೆಟ್ಟಿಲು ಬೇಡ, ತೋಟ ಬೇಡ, ಅಂಗಡಿ ಬೇಡ ಎನ್ನುತ್ತಾರೆ. ಮೂಳೆ ಕೂಡುತ್ತದೆ, ಆ ಹೆಂಗಸು ಮಾತ್ರ ಕುರ್ಚಿಯಿಂದ ಏಳುವುದಿಲ್ಲ. ಅಂಥವರಿಗೆ ಊಟ ಮಾಡಿಸಿ, ತಲೆ ಬಾಚಿ, ಕಡೆಗೆ ಕಣ್ಣು ಮುಚ್ಚಿಸಿದ ಕೈ ಅವಳದು.

ವ್ಯಾಯಾಮ ಮಾಡುತ್ತ ಮನೆಯಲ್ಲಿದ್ದ ಆ ತಿಂಗಳುಗಳಲ್ಲಿ ಅವಳಿಗೊಂದು ಹುಚ್ಚು ಹತ್ತಿತು. ಯಾರೋ ಗಂಡಹೆಂಡತಿ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಸೈಕಲ್ ಪ್ರವಾಸ ಮಾಡಿ ಹಾಕಿದ್ದ ವಿಡಿಯೋಗಳು. ಹಳೆಯ ಕಾಲುವೆಗಳ ದಂಡೆ, ರೈಲು ನಿಂತುಹೋದ ಹಳಿಗಳ ಜಾಗ, ಅವನ್ನೆಲ್ಲ ಅಲ್ಲಿ ಸೈಕಲ್ಲಿಗೆ ಬಿಟ್ಟುಕೊಟ್ಟಿದ್ದರು. ಇಬ್ಬದಿಗೂ ಸಾಲುಮರ, ಪಕ್ಕದಲ್ಲಿ ದ್ರಾಕ್ಷಿ ತೋಟ, ಮೈಲಿಗಟ್ಟಲೆ ಹೋದರೂ ಒಂದು ಕಾರಿಲ್ಲ. ಅವಳಷ್ಟೇ ವಯಸ್ಸಿನ ಹೆಂಗಸರು ಬ್ರೆಡ್ಡಿನ ಉದ್ದ ಕೋಲನ್ನು ಚೀಲದಲ್ಲಿ ಸಿಕ್ಕಿಸಿಕೊಂಡು, ಹರಟೆ ಹೊಡೆಯುತ್ತ ತುಳಿದುಕೊಂಡು ಹೋಗುತ್ತಿದ್ದರು. ಕಾಮಾಕ್ಷಿ ಅದನ್ನು ಮತ್ತೆ ಮತ್ತೆ ಹಾಕಿ ನೋಡಿದಳು.

ಒಂದು ದಿನ ಪಕ್ಕದ ಮನೆಯ ರಸೆಲ್ ನಿಂಬೆಹಣ್ಣು ಕೊಡಲು ಬಂದವನು ಅವಳ ಹಿಂದೆ ನಿಂತು ನೋಡಿದ. ಅವನು ರೈಲ್ವೆಯಲ್ಲಿದ್ದು ನಿವೃತ್ತನಾದವನು. ಇದಕ್ಕೆ ಫ್ರಾನ್ಸಿಗೆ ಯಾಕೆ ಹೋಗಬೇಕು ಎಂದು ನಕ್ಕ. ತಾನು ಪ್ರಾಯದಲ್ಲಿ ಕೆಲಸ ಮಾಡಿದ್ದ ಸೆಂಟ್ರಲ್ ಒಟಾಗೋ ಲೈನಿನ ಹಳಿ ಕಿತ್ತು ಎಷ್ಟೋ ಕಾಲವಾಯಿತು, ಕ್ಲೈಡ್ ಊರಿನಿಂದ ಮಿಡ್ಲ್‌ಮಾರ್ಚ್‌ವರೆಗೆ ಈಗ ಸೈಕಲ್ಲಿನದೇ ರಾಜ್ಯ, ಐದು ದಿನದ ದಾರಿ ಎಂದ. ಕಾಮಾಕ್ಷಿ ಅವನನ್ನು ನೆಟ್ಟಗೆ ಗ್ಯಾರೇಜಿಗೆ ಕರೆದುಕೊಂಡು ಹೋಗಿ ಸೂರು ತೋರಿಸಿದಳು. ರಸೆಲ್ ಏಣಿ ಹತ್ತಿ ಸೈಕಲ್ ಇಳಿಸಿ, ಹಿಂಬದಿ ತೆರೆದ ತನ್ನ ಯೂಟ್ ಗಾಡಿಯಲ್ಲಿ ಹಾಕಿಕೊಂಡು ಹೋಗಿ, ವಾರದಲ್ಲಿ ಹೊಸ ಚಕ್ರ ಕೂರಿಸಿ ತಂದ.

ಮನೆಯಲ್ಲಿ ಅಂದು ನಡೆದದ್ದು ಸಣ್ಣ ಜಗಳವಲ್ಲ.

"ನಿನ್ನ ಎತ್ತಿ ಆಂಬುಲೆನ್ಸಿಗೆ ಹಾಕ್ದಾಗ ನಿಂಗೆ ಜ್ಞಾನ ಇರ್ಲಿಲ್ಲ ಕಣೇ," ಎಂದ ಪದ್ಮನಾಭ. "ನೋಡ್ದೋನು ನಾನು. ಇನ್ನೊಂದ್ಸಲ ನೋಡಕ್ಕೆ ನನ್ ಕೈಲಾಗಲ್ಲ."

"ನಿಮ್ಮ ಹೆದರಿಕಿ ನನಗ ಗೊತ್ತದರೀ," ಎಂದಳು ಕಾಮಾಕ್ಷಿ. "ಆದ್ರ ತಪ್ಪು ಮಾಡಿದಾಂವ ಇವತ್ತೂ ಕಾರು ಓಡಸ್ತಾನ. ಅವಂಗ ಯಾರೂ ಇಳಿ ಅಂದಿಲ್ಲ. ನಾ ಯಾಕ ಇಳೀಬೇಕು?"

ಹರ್ಷಿಣಿ ಫೋನಿನಲ್ಲಿ, "ಅಮ್ಮ, ಯು ಆರ್ ಆಲ್ಮೋಸ್ಟ್ ಸಿಕ್ಸ್ಟಿ," ಎಂದಳು. ಹೌದು, ಅದಕ್ಕೇ ಈಗಲೇ ಹೊರಟಿದ್ದೇನೆ ಎಂದು ತಾಯಿ ಫೋನಿಟ್ಟಳು.

ಏಪ್ರಿಲ್‌ನಲ್ಲಿ, ಇಲ್ಲಿನ ಶರತ್ಕಾಲಕ್ಕೆ ಪಾಪ್ಲರ್ ಮರಗಳು ಹಳದಿಗೆ ತಿರುಗಿದ್ದಾಗ, ಅವಳು ಕ್ಲೈಡ್‌ನಿಂದ ಹೊರಟಳು. ಪದ್ಮನಾಭ ಅವಳನ್ನು ಅಲ್ಲಿ ಬಿಟ್ಟು ಮನೆಗೆ ಹಿಂತಿರುಗಬೇಕೆಂದು ಮಾತಾಗಿತ್ತು. ಅವನು ಹಿಂತಿರುಗಲಿಲ್ಲ. ಹೆದ್ದಾರಿಯಲ್ಲಿ ಕಾರು ಓಡಿಸಿಕೊಂಡು, ಸೈಕಲ್ ದಾರಿ ರಸ್ತೆಗೆ ಸಮೀಪಿಸುವ ಕಡೆಯಲ್ಲೆಲ್ಲ ಫ್ಲಾಸ್ಕ್ ಹಿಡಿದು ನಿಂತಿರುತ್ತಿದ್ದ. ಬಿಸಿಲಿಗೆ ಕಾದ ಕಾಡು ಥೈಮ್ ಗಿಡದ ವಾಸನೆ, ಬಂಡೆಗಳ ಮೇಲೆ ಸುತ್ತುವ ಗಿಡುಗ, ಚಕ್ರದಡಿ ಚರಪರ ಎನ್ನುವ ಜಲ್ಲಿ. ಬೆನ್ನ ಹಿಂದೆ ಎಂಜಿನ್ನಿನ ಸದ್ದಿಗಾಗಿ ಕಿವಿ ನಿಮಿರಿಸುವುದನ್ನು ಅವಳ ಮೈ ಮರೆಯಲು ಅರ್ಧ ದಿನ ಹಿಡಿಯಿತು. ಮರೆತಾಗ ಭುಜ ತಾನಾಗಿ ಸಡಿಲಾಯಿತು. ಅಷ್ಟರಲ್ಲಿ ಬೇಲಿಯಾಚೆ ಗಂಡನ ಬಿಳಿ ಕಾರು ಕಾಣಿಸಿಕೊಳ್ಳುವುದು. ಮೂರನೆಯ ಸಲ ಅವನು ಚಹಾ ಬಗ್ಗಿಸಿದಾಗ ಅವಳು ಕುಡಿಯದೆ ಮುಂದೆ ಹೋದಳು.

ಎರಡನೆಯ ದಿನ ದಾರಿ ಹೆದ್ದಾರಿಯನ್ನು ಬಿಟ್ಟು ಪೂಲ್‌ಬರ್ನ್ ಕಮರಿಯೊಳಕ್ಕೆ ಹೊಕ್ಕಿತು. ಅಲ್ಲಿಗೆ ಕಾರು ಬರುವಂತಿಲ್ಲ. ಮಧ್ಯಾಹ್ನಕ್ಕೆ ಆಚೆ ಬದಿಯಲ್ಲಿ ಸಿಗುತ್ತೇನೆಂದು ಪದ್ಮನಾಭ ಸುತ್ತು ಬಳಸಿ ಹೋದ. ಏರು ಮೆಲ್ಲಗಿದ್ದರೂ ಬಿಡುವಿಲ್ಲದ್ದು. ರಾಡು ಹಾಕಿದ ಸೊಂಟ ಮೊದಲು ಗೊಣಗಿತು, ಆಮೇಲೆ ಹಿಡಿದುಕೊಂಡಿತು. ಕಾಮಾಕ್ಷಿ ಸೈಕಲ್ ಒರಗಿಸಿ ಬಂಡೆಯ ಮೇಲೆ ಕೂತಳು. ಫೋನಿಗೆ ಸಿಗ್ನಲ್ ಇರಲಿಲ್ಲ. ಕಣ್ಣಲ್ಲಿ ನೀರು ಬಂತು, ನೋವಿಗಿಂತ ಹೆಚ್ಚಾಗಿ ಎಲ್ಲರ ಮಾತೂ ನಿಜವಾಗಿಬಿಡುತ್ತದೇನೋ ಎಂಬ ಸಿಟ್ಟಿಗೆ. ಇಂಥ ಹೊತ್ತಿನಲ್ಲಿ ತನ್ನ ರೋಗಿಗಳಿಗೆ ಏನು ಹೇಳುತ್ತಿದ್ದಳೋ ಅದನ್ನೇ ತಾನೂ ಮಾಡಿದಳು: ಹಚ್ಚಿದ ಅವಲಕ್ಕಿ ತಿಂದಳು, ನೀರು ಕುಡಿದಳು, ಬಂಡೆ ಹಿಡಿದು ನಿಂತು ಕಾಲನ್ನು ಹಿಂದಕ್ಕೂ ಮುಂದಕ್ಕೂ ತೂಗಿದಳು. ಬಹಳ ಹೊತ್ತಿನ ಮೇಲೆ ಸೊಂಟ ಬಿಟ್ಟುಕೊಟ್ಟಿತು. ಮತ್ತೆ ಹತ್ತಿದಳು.

ಮೊದಲ ಸುರಂಗವನ್ನು ಸೈಕಲ್ ತಳ್ಳಿಕೊಂಡು ದಾಟಿದಳು. ಎರಡನೆಯದರ ಒಳಗೆ ಕಾಲಿಟ್ಟಾಗ ಕತ್ತಲೊಳಗಿಂದ ತನ್ನ ಹೆಸರು ಕೇಳಿಸಿತು. ಗೋಡೆಗೆ ಬಡಿದು ಬಡಿದು ಬರುತ್ತಿದ್ದ, ಒಡೆದ ದನಿ.

ಹ್ಯಾಂಡಲ್‌ನ ದೀಪ ಎತ್ತಿ ಹಿಡಿದಳು. ಪದ್ಮನಾಭ ಗೋಡೆಗೆ ಎರಡೂ ಅಂಗೈ ಒತ್ತಿಕೊಂಡು ನಿಂತಿದ್ದ. ಮಧ್ಯಾಹ್ನ ಕಳೆದರೂ ಅವಳು ಬಾರದ್ದಕ್ಕೆ ಕಾರನ್ನು ರಸ್ತೆಯಂಚಿಗೆ ನಿಲ್ಲಿಸಿ ನಡೆದು ಬಂದಿದ್ದ. ಎತ್ತರದ ಹಳೆಯ ರೈಲು ಸೇತುವೆಯನ್ನು ಕೆಳಗೆ ನೋಡದೆ ದಾಟಿದ್ದ. ಸುರಂಗದ ನಡುವೆ ಫೋನಿನ ಬೆಳಕು ಆರಿಹೋಗಿತ್ತು. ಹಿಂದಿನ ಬಾಯಿ ಯಾವುದು, ಮುಂದಿನದು ಯಾವುದು ಎಂದು ತಿಳಿಯದೆ ಅಲ್ಲೇ ನಿಂತುಬಿಟ್ಟಿದ್ದ. ಪ್ಯಾಂಟಿನ ಮೊಣಕಾಲು ಹರಿದಿತ್ತು.

"ಬಿದ್ದಿದ್ದೀಯೇನೋ ಅನ್ಕೊಂಡೆ," ಎಂದ.

ಕಾಮಾಕ್ಷಿಗೆ ಬಯ್ಯಬೇಕೆನಿಸಿತು. ಬಯ್ಯುವ ಬದಲು ಅವನ ಕೈಯನ್ನು ಸೈಕಲ್ಲಿನ ಸೀಟಿನ ಮೇಲಿಟ್ಟು, "ಇದನ್ನ ಹಿಡಕೊಂಡು ಬರ್ರಿ, ನಾ ಮುಂದ ನಡೀತೀನಿ," ಎಂದಳು. ನಡೆದದ್ದು ನಿಧಾನಕ್ಕೆ, ಅವನ ಹೆಜ್ಜೆಗೆ ಸರಿಯಾಗಿ. ಬೆಳಕಿಗೆ ಬಂದು, ಸೇತುವೆಯ ಈಚೆ ಮೊಣಕಾಲಿನ ಗಾಯ ತೊಳೆದು ಪಟ್ಟಿ ಕಟ್ಟಿದಳು. ಕಟ್ಟುತ್ತಲೇ, ತಲೆ ಎತ್ತದೆ ಹೇಳಿದಳು: "ನೀವು ಹುಡುಕಿಕೊಂಡು ಬಂದಿದ್ದು ನನಗ ಬ್ಯಾಡ ಅನ್ನೂದಿಲ್ಲ. ಆದ್ರ ಕರಕೊಂಡು ಹೋಗಲಿಕ್ಕ ಬರಬ್ಯಾಡ್ರಿ."

ಅವನು ಕಮರಿಯ ಕಡೆ ನೋಡುತ್ತ ಕೂತಿದ್ದ. ಆಯಿತು ಎಂದ.

ಆ ಮಾತಿಗೆ ಪರೀಕ್ಷೆ ಮರುದಿನವೇ ಬಂತು. ವೆಡರ್‌ಬರ್ನ್ ಹತ್ತಿರ ಬಯಲಿನ ಮೇಲೆ ದಕ್ಷಿಣ ಧ್ರುವದ ಕಡೆಯಿಂದ ಕೊರೆಯುವ ಗಾಳಿ ಎದ್ದು, ಆಲಿಕಲ್ಲು ಅಡ್ಡಡ್ಡ ಹೊಡೆಯತೊಡಗಿತು. ಕುರಿಗಳೆಲ್ಲ ಬೇಲಿಗೆ ಬೆನ್ನು ಕೊಟ್ಟು ನಿಂತಿದ್ದವು. ಕಾಮಾಕ್ಷಿ ಇಳಿದು, ಸೈಕಲ್ಲಿನ ಮೇಲೆ ಬಗ್ಗಿ ತಳ್ಳುತ್ತಿದ್ದಳು. ರಸ್ತೆ ಕೂಡುವಲ್ಲಿ ಬಿಳಿ ಕಾರು ನಿಂತಿತ್ತು. ಹಿಂಬಾಗಿಲು ತೆರೆದರೆ ಸೈಕಲ್ ಸಲೀಸಾಗಿ ಒಳಗೆ ಹೋಗುತ್ತಿತ್ತು. ಪದ್ಮನಾಭ ಕೆಳಗಿಳಿದು ಬಂದ. ಹಿಂಬಾಗಿಲ ಕಡೆ ನೋಡಲೂ ಇಲ್ಲ. ತನ್ನ ಕೈಗವಸು ಬಿಚ್ಚಿ ಅವಳ ಒದ್ದೆ ಕೈಗವಸಿನ ಮೇಲೆ ತೊಡಿಸಿದ, ಚಹಾ ಕೊಟ್ಟ. ಈ ಸಲ ಅವಳು ಕುಡಿದಳು. ಕುಡಿದು, ಗಾಳಿಗೆ ಮುಖಕೊಟ್ಟು ಹೊರಟಳು. ರ್‍ಯಾನ್‌ಫರ್ಲಿ ಊರಿನ ವಸತಿಗೃಹ ತಲುಪಿದಾಗ ತುಟಿ ನೀಲಿಗಟ್ಟಿತ್ತು. ಅಲ್ಲಿನ ಯಜಮಾನಿ, ಇವತ್ತು ಅರ್ಧ ಜನ ಸೈಕಲ್ ಹೇರಿಕೊಂಡು ವ್ಯಾನಿನಲ್ಲಿ ಬಂದರು ಎಂದಳು. ತಾನು ಬರಲಿಲ್ಲ ಎಂದಷ್ಟೇ ಹೇಳಿ ಕಾಮಾಕ್ಷಿ ಬಿಸಿನೀರು ಕೇಳಿದಳು.

ಕೊನೆಯ ದಿನ ಹೈಡ್ ಎಂಬ ಪುಟ್ಟ ಊರಲ್ಲಿ ಅವಳು ಟೈರಿಗೆ ಗಾಳಿ ಹಾಕುತ್ತಿದ್ದಾಗ ಪದ್ಮನಾಭ ಒಂದು ಬಾಡಿಗೆ ಸೈಕಲ್ ತಳ್ಳಿಕೊಂಡು ಬಂದ. ಹೆಲ್ಮೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡಿದ್ದ. ಹೈಸ್ಕೂಲು ಬಿಟ್ಟಮೇಲೆ ಅವನು ಸೈಕಲ್ ಹತ್ತಿದವನೇ ಅಲ್ಲ. ಕಾರು ಇಲ್ಲೇ ಇರಲಿ, ಸಂಜೆ ಬಾಡಿಗೆ ಸೈಕಲ್ಲಿನ ವ್ಯಾನಿನವರು ನಮ್ಮನ್ನು ವಾಪಸು ಇಲ್ಲಿಗೆ ತಂದುಬಿಡುತ್ತಾರೆ ಎಂದ. ಹೊರಟ ಸ್ವಲ್ಪ ಹೊತ್ತಿಗೇ ಅವನಿಗೆ ಏದುಸಿರು ಬಂತು.

"ಸ್ವಲ್ಪ ನಿಧಾನಕ್ಕೆ ಹೋಗೇ," ಎಂದು ಹಿಂದಿನಿಂದ ಕೂಗಿದ.

ಅವಳು ನಿಧಾನ ಮಾಡಲಿಲ್ಲ. ದಾರಿಗೆ ಅಡ್ಡವಾಗಿ ಕುರಿಬೇಲಿಯ ಗೇಟು ಬಂದಲ್ಲೆಲ್ಲ ಇಳಿದು ಅವನಿಗಾಗಿ ತೆರೆದು ಹಿಡಿದಳು, ಅವನು ದಾಟಿದ ಮೇಲೆ ಮುಚ್ಚಿ, ಮತ್ತೆ ಅವನನ್ನು ಹಿಂದೆ ಹಾಕಿ ಹೋದಳು. ಮಿಡ್ಲ್‌ಮಾರ್ಚ್‌ನ ಹಳೆಯ ನಿಲ್ದಾಣದ ಹತ್ತಿರ ಫೋನಿಗೆ ಸಿಗ್ನಲ್ ಸಿಕ್ಕಿತು. ಹರ್ಷಿಣಿ ಎಲ್ಲ ಕೇಳಿಸಿಕೊಂಡು, ಸರಿ, ಆಸೆ ತೀರಿತಲ್ಲ, ಇನ್ನು ಸಾಕಲ್ಲವಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಸಾಕು ಅನ್ನೂದನ್ನ ನನ್ನ ಕಾಲು ಹೇಳ್ಲಿ," ಎಂದಳು ಕಾಮಾಕ್ಷಿ. "ನೀವ್ಯಾರೂ ಹೇಳಬ್ಯಾಡ್ರಿ."

ಪದ್ಮನಾಭ ಇನ್ನೂ ಬಂದು ಮುಟ್ಟಿರಲಿಲ್ಲ. ದೂರದಲ್ಲಿ, ಬೆಟ್ಟದ ಬುಡದ ನೇರ ದಾರಿಯಲ್ಲಿ, ಓಲಾಡುತ್ತ ಬರುತ್ತಿದ್ದ. ಕಾಮಾಕ್ಷಿ ಸೈಕಲ್ ತಿರುಗಿಸಿ ಅವನಿಗೆ ಎದುರಾಗಿ ಹೊರಟಳು.