ನ್ಯೂರಿಗೆ ಹೋಗದ ಪತ್ರ

ನಿಮಗೆ ಬರೆದ ಪತ್ರವನ್ನು ನಾನು ಅಂಚೆಗೆ ಹಾಕಲಿಲ್ಲ, ಯೂನಾ. ಹಾಕಿದ್ದೇನೆ ಎಂದು ಸಾಯುತ್ತಿದ್ದ ಡೆಸ್ಮಂಡ್‌ಗೆ ಸುಳ್ಳು ಹೇಳಿದೆ. ನಾಲ್ಕು ವರ್ಷವಾಯಿತು — ಇವತ್ತೂ ಇದನ್ನು ನಿಮಗೆ ಓದಲು ಬಾರದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಪುಕ್ಕಲುತನ ಇನ್ನೂ ಎಷ್ಟು ಉಳಿದಿದೆ ನೋಡಿ.

ಡೆಸ್ಮಂಡ್ ಇಲ್ಲಿ ಐರಿಶ್ ಗಡಿಯೂರು ಡನ್‌ಡಾಕ್‌ನಲ್ಲಿ ನಮ್ಮ ಪಕ್ಕದ ಮನೆಯವರು, ಒಂಟಿ ಮುದುಕ. ಲಾಕ್‌ಡೌನ್‌ನಲ್ಲಿ ಅವರಿಗೆ ಹಾಲು, ಬ್ರೆಡ್ಡು ತಂದು ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದೆ. ಒಂದು ದಿನ, ಕೈ ನಡುಗುತ್ತದೆ, ಪತ್ರವೊಂದನ್ನು ಟೈಪ್ ಮಾಡಿಕೊಡು ಎಂದರು. ಅವರು ಕಿಟಕಿಯ ಒಳಗೆ, ನಾನು ಅಂಗಳದಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು. ಗಡಿಯಾಚೆ, ಬ್ರಿಟಿಷರ ಕಡೆಯ ನ್ಯೂರಿಯಲ್ಲಿರುವ ನಿಮಗೆ ಬರೆದದ್ದು. ಗಲಭೆಯ ಆ ವರ್ಷಗಳಲ್ಲಿ ನಿಮ್ಮ ತಮ್ಮ ಕೋಲಮ್‌ನನ್ನು ಬ್ರಿಟಿಷ್ ಸೈನ್ಯದ ಮಾಹಿತಿದಾರನೆಂದು, ಆ ಸೈನ್ಯದ ವಿರುದ್ಧ ಹೋರಾಡುತ್ತಿದ್ದ ಅವನ ಕಡೆಯವರೇ ಕೊಂದರಲ್ಲ — ಅವರಿಗೆ ಅವನ ಹೆಸರು ಹೇಳಿದ್ದು ಡೆಸ್ಮಂಡ್. ಸೈನಿಕನೊಬ್ಬನ ಜೊತೆ ಅವನು ಮಾತಾಡಿದ್ದನ್ನು ಕಂಡಿದ್ದರು, ಅಷ್ಟೇ. ಆ ಸೈನಿಕ ಬರೀ ದಾರಿ ಕೇಳಿದ್ದನಂತೆ. ಅದು ಗೊತ್ತಾಗುವಷ್ಟರಲ್ಲಿ —

"ಅವಳ ತಮ್ಮ ದ್ರೋಹಿ ಅಲ್ಲ ಅಂತ ಬರಿ," ಎಂದರು. "ನಮ್ಮ ಹೋರಾಟ ಸರಿ ಇತ್ತು ಅಂತ ಈಗಲೂ ಅಂದ್ಕೊಂಡಿದೀನಿ. ಅದನ್ನ ಬರೀಬೇಡ. ಇದನ್ನ ಬರಿ."

ಮನೆಗೆ ಬಂದು ನನ್ನ ಗಂಡ ಗಿರೀಶನಿಗೆ ಹೇಳಿದೆ. ಅವನು ಹೌಹಾರಿದ. "ನಮಗ್ಯಾಕೆ ಊರ ಉಸಾಬರಿ? ಸಿಟಿಜನ್‌ಶಿಪ್‌ಗೆ ಅಪ್ಲಿಕೇಶನ್ ಹಾಕಿ ಕೂತಿದೀವಿ. ನಾಳೆ ಪೊಲೀಸ್ನೋರು ಬಂದು, ಇದನ್ನ ಟೈಪ್ ಮಾಡಿದ್ಯಾರು ಅಂದ್ರೆ?" ಅವನ ಮೇಲೆ ತಪ್ಪು ಹೊರಿಸುತ್ತಿಲ್ಲ. ಅಂಚೆ ಡಬ್ಬಿ ನಮ್ಮ ರಸ್ತೆಯ ತಿರುವಿನಲ್ಲೇ ಇತ್ತು, ಕಾಲು ನನ್ನದು. ಕಾವೇರಿ ಗಲಾಟೆಯಾದಾಗಲೆಲ್ಲ ಮೈಸೂರಿನಲ್ಲಿ ಬಾಗಿಲು ಹಾಕಿಕೊಂಡು ಕೂತು ಬೆಳೆದವಳು ನಾನು. ಇಲ್ಲೂ ಹಾಗೇ ಕೂತೆ.

ಮೂರು ವಾರಕ್ಕೆ ಅವರಿಗೆ ಕೋವಿಡ್. ಆಸ್ಪತ್ರೆಯಿಂದ ನರ್ಸ್ ಫೋನ್ ಮಾಡಿ ಅವರ ಕಿವಿಗಿಟ್ಟರು.

"ಪೋಸ್ಟ್ ಮಾಡಿದ್ಯಾ?"

"ಹೂಂ, ಮಾಡ್ದೆ."

"ಗ್ರ್ಯಾಂಡ್," ಎಂದರು, ಉಸಿರೆಳೆದುಕೊಂಡು — ಸರಿಹೋಯಿತು ಅನ್ನುವುದಕ್ಕೆ ಇಲ್ಲಿಯವರ ಮಾತು.

ಜೀವ ಹಗುರವಾಗಿ ಹೋಗಲಿ ಎಂದು ಹೇಳುವ ಇಂಥ 'ಹೂಂ' ನಮ್ಮಲ್ಲಿ ಪಾಪವಲ್ಲ. ನನ್ನ ಅಪ್ಪನಿಗೂ ಹೇಳಿದ್ದೆ. ಆದರೆ ಅಪ್ಪನಿಗೆ ಹೇಳಿದ ಸುಳ್ಳು ಅವರ ಜೊತೆಗೇ ಹೋಯಿತು. ಇದು ಹೋಗಲಿಲ್ಲ, ಯೂನಾ — ಯಾಕೆಂದರೆ ನೀವಿದ್ದಿರಿ.

ಡೆಸ್ಮಂಡ್ ಅಂತ್ಯಕ್ರಿಯೆಗೆ ಚರ್ಚಿನೊಳಗೆ ಹತ್ತೇ ಜನಕ್ಕೆ ಅವಕಾಶ. ಉಳಿದವರು ಶವದ ಕಾರು ಹಾದುಹೋಗುವ ರಸ್ತೆಯುದ್ದಕ್ಕೂ ಅಂತರ ಬಿಟ್ಟು ನಿಂತಿದ್ದರು. ನನ್ನ ಪಕ್ಕ ಬಂದು ನಿಂತವರು ನೀವು. ಮಾಸ್ಕಿನೊಳಗಿಂದ, ಯೂನಾ, ನ್ಯೂರಿಯವಳು, ಎಂದಿರಿ.

"ನಮ್ಮ ಕೋಲಮ್ ಸತ್ತಾಗ ಹೆಗಲು ಕೊಡೋಕೆ ಒಬ್ರೂ ಬರ್ಲಿಲ್ಲ. ದ್ರೋಹಿ ಅಂತ. ಡೆಸ್ಮಂಡ್ ಒಬ್ನೇ ಬಂದ. ಅಮ್ಮ ಸಾಯೋವರೆಗೂ ಅವನನ್ನ ನೆನೀತಿದ್ಲು."

ಆಗಲೇ ಹೇಳಬೇಕಿತ್ತು. ಬಾಯಿಗೆ ಬಂದದ್ದು ಇಲ್ಲಿಯವರು ಸಾವಿನಲ್ಲಿ ಹೇಳುವ ಮಾಮೂಲಿ ಮಾತು — ನಿಮ್ಮ ನೋವಿಗೆ ಸಾರಿ. ನೀವು ಥ್ಯಾಂಕ್ಸ್ ಎಂದಿರಿ.

ಅದಾದ ಮೇಲೆ ಪಾಸ್‌ಪೋರ್ಟೂ ಬಂತು. ಭಯಕ್ಕೆ ಇದ್ದ ನೆಪ ಹೋಯಿತು, ಭಯ ಹೋಗಲಿಲ್ಲ. ನಿಮಗಿರುವ ಒಬ್ಬನೇ ಒಳ್ಳೆಯವನನ್ನು ಕಿತ್ತುಕೊಂಡು ತಮ್ಮನ ಮಾನ ಕೊಡುವುದು — ಇದು ನ್ಯಾಯವೋ, ಕ್ರೌರ್ಯವೋ? ಈ ಊರಿನ ಶಾಂತಿಯೇ ಇಂಥ ನುಂಗಿಕೊಂಡ ಮಾತುಗಳ ಮೇಲೆ ನಿಂತಿದೆ ಅನ್ನುತ್ತಾರೆ. ಇರಬಹುದು. ಯಾರು ನುಂಗಿದರು, ಯಾರ ಹೊಟ್ಟೆ ಉರಿಯಿತು — ನನಗೆ ಒಂದೂ ತಿಳಿಯುತ್ತಿಲ್ಲ. ಡೆಸ್ಮಂಡ್ ಐವತ್ತು ವರ್ಷ ಸುಮ್ಮನಿದ್ದರು, ಕೊನೆಗೆ ಬಾಯಿಬಿಟ್ಟರು. ಆ ಬಾಯಿಯನ್ನು ಮತ್ತೆ ಮುಚ್ಚಿದವಳು ಹೊರಗಿನಿಂದ ಬಂದ ನಾನು.

ಶನಿವಾರ ನ್ಯೂರಿಗೆ ಬರುತ್ತೇನೆ. ಅವರ ಪತ್ರವನ್ನು ಅಂಚೆಯಲ್ಲಿ ಕಳಿಸಿ ಕೈತೊಳೆದುಕೊಳ್ಳುವುದಿಲ್ಲ. ನೀವು ಬಾಗಿಲು ತೆಗೆದ ಕೂಡಲೇ, ಟೀ ಮಾಡುತ್ತೇನೆ ಅನ್ನುವ ಮೊದಲೇ, ಹೇಳಿಬಿಡುತ್ತೇನೆ: ನಿಮ್ಮ ತಮ್ಮ ಯಾರಿಗೂ ದ್ರೋಹ ಮಾಡಲಿಲ್ಲ. ಇದು ನನಗೆ ಗೊತ್ತಿತ್ತು.