ಎರವಲು ಮೆಲುಕು
ನಮ್ಮ ಪಶು ಆಸ್ಪತ್ರೆಯ ಕಾಂಪೌಂಡರಣ್ಣನ ಅಂಗಿಯ ಬಲತೋಳು ಯಾವಾಗಲೂ ಮೊಣಕೈ ಮೇಲಕ್ಕೆ ಮಡಚಿಯೇ ಇರುತ್ತದೆ. ಮದುವೆ ಫೋಟೋದಲ್ಲೂ ಹಾಗೇ ಇದೆ ಎಂದು ಅತ್ತಿಗೆ ಇವತ್ತಿಗೂ ಗೊಣಗುತ್ತಾರೆ. ಹಸು ಮೇವು ಬಿಟ್ಟಿದೆ ಎಂದು ಯಾರಾದರೂ ಬಂದರೆ ಡಾಕ್ಟರಾದ ನಾನು ಬಾಯಿ ತೆರೆಯುವ ಮೊದಲೇ, "ಮೆಲುಕು ಹಾಕ್ತಿದೆಯಾ?" ಎನ್ನುತ್ತಾರೆ. ಇಲ್ಲವೆಂದರೆ ಮುಗಿಯಿತು. "ಹುಲ್ಲು ತಿನ್ನೋದಷ್ಟೇ ಹಸು, ಅರಗಿಸೋರು ಹೊಟ್ಟೆಯ ಒಳಗಿನೋರು, ಕಣ್ಣಿಗೆ ಕಾಣದ ಸಣ್ಣ ಜೀವಿಗಳು. ಮೇಯೋ ಬಯಲಲ್ಲಿ ಮನೆ ಕಟ್ಕೊಂಡು, ಹಳಸಿದ ಬ್ರೆಡ್ಡು ಹಾಕಿ ಅವರನ್ನ ಓಡಿಸಿದೀರಿ!" ಎಂದು ಗದರಿ ಹಿತ್ತಲಿಗೆ ನಡೆಯುತ್ತಾರೆ. ಅಲ್ಲಿ ಹಾಲು ಬತ್ತಿ ಎಷ್ಟೋ ವರ್ಷವಾದ ಅವರ ಮುದಿಹಸು, ಹೆಸರು ಅಜ್ಜಿ, ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿರುತ್ತದೆ. ಗಂಟಲಿಂದ ಉಂಡೆ ಮೇಲೆ ಬಂದ ಕ್ಷಣಕ್ಕೆ ಸರಿಯಾಗಿ ಬಾಯಿಗೆ ಕೈಹಾಕಿ ಕಿತ್ತುಕೊಂಡು, "ಉಪಕಾರ ಆಯ್ತು ತಾಯಿ" ಎಂದು ಹಣೆ ಸವರಿ, ಬೆಚ್ಚಗಿನ ನೀರಲ್ಲಿ ಕದಡಿ ಕಾಯಿಲೆ ಹಸುವಿಗೆ ಕುಡಿಸುತ್ತಾರೆ. ಅದೇ ಕೈಯಲ್ಲಿ ನನಗೆ ಟೀ ಕೊಡಲು ಬರುತ್ತಾರೆ. ಬೇಡವೆಂದರೆ, "ಡಾಕ್ಟ್ರಿಗೆ ಒಳಗಿನೋರು ಅಂದ್ರೆ ಅಸಹ್ಯ" ಎಂದು ಊರೆಲ್ಲ ಡಂಗುರ. ಹಸು ಎದ್ದು ನಿಂತದ್ದು ನಾನು ಕೊಟ್ಟ ಔಷಧಿ ಪುಡಿಯಿಂದಲೋ ಅಜ್ಜಿಯ ಎಂಜಲಿಂದಲೋ ಎಂಬ ಮಾತನ್ನು ಮಾತ್ರ ನಾವಿಬ್ಬರೂ ಎತ್ತುವುದಿಲ್ಲ. ಮೊನ್ನೆ ಅಜ್ಜಿಯೇ ಮೆಲುಕು ನಿಲ್ಲಿಸಿತು. ಕಾಂಪೌಂಡರಣ್ಣ ಅಂಗಿಯ ತೋಳು ಇಳಿಬಿಟ್ಟುಕೊಂಡು ಅದರ ಪಕ್ಕ ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮರುದಿನ ಬೆಳಗ್ಗೆ ಆಸ್ಪತ್ರೆಯ ಬಾಗಿಲು ತೆಗೆದರೆ ಬೀದಿಯುದ್ದಕ್ಕೂ ಜನ. ಅಣ್ಣನೇ ಕಲಿಸಿದಂತೆ ತಂತಮ್ಮ ಹಸುವಿನ ಬಾಯಿಂದ ತೆಗೆದ ಹಸಿರು ಉಂಡೆ ಒಬ್ಬೊಬ್ಬರ ಡಬ್ಬಿಯಲ್ಲೂ ಇತ್ತು. ಮುಂದೆ ನಿಂತಿದ್ದ ಹಾಲಿನವಳು ಮುಚ್ಚಳ ತೆಗೆದು ಅಂದಳು: "ಅಜ್ಜಿ ಕಳಿಸಿದ ಒಳಗಿನೋರೇ ಅಣ್ಣಾ. ತವರಿಗೆ ಕರ್ಕೊಂಡು ಬಂದಿದೀವಿ."