ಬೀಗರ ಊಟಕ್ಕೆ ಬಾರದ ಹಸಿವು

ನನ್ನ ಹೊಟ್ಟೆ ಆಪರೇಷನ್ ವಿಷಯ ನಾನು ಬಾಯಿ ಬಿಡುವ ಮೊದಲೇ ಅರ್ಧ ಹೊಸಕೋಟೆಗೆ ಗೊತ್ತಿತ್ತು. ನಮ್ಮ ಬೀದಿಯಲ್ಲಿ ನನಗಿದ್ದ ಗುರುತೇ ಹೊಟ್ಟೆ. "ದಪ್ಪಕ್ಕನ ಮನೆ ಎದುರಿಗೆ" ಎಂದರೆ ಹೊಸ ಕೊರಿಯರ್‌ನವನೂ ದಾರಿ ತಪ್ಪುತ್ತಿರಲಿಲ್ಲ. ಅದರ ಜೊತೆಗೆ ಶುಗರ್. ಬೆಳಗ್ಗೆ ಮಾತ್ರೆ, ರಾತ್ರಿ ಇನ್ಸುಲಿನ್ ಸೂಜಿ, ನಡುವೆ ಬೋಂಡ. ಈ ವಿಷಯದಲ್ಲಿ ನಾನು ತುಂಬ ಶಿಸ್ತಿನ ಹೆಂಗಸು, ಒಂದನ್ನೂ ತಪ್ಪಿಸುತ್ತಿರಲಿಲ್ಲ.

ಆಪರೇಷನ್‌ಗೆ ಮುಂಚೆ ಡಾಕ್ಟರು ಕೂರಿಸಿಕೊಂಡು ಚಿತ್ರ ಬರೆದು ತೋರಿಸಿದರು. ಹೊಟ್ಟೆಯ ಮೇಲ್ಭಾಗದಲ್ಲಿ ಒಂದು ಪುಟ್ಟ ಚೀಲ ಉಳಿಸಿಕೊಂಡು, ಅದನ್ನು ನೇರವಾಗಿ ಕರುಳಿಗೆ ಜೋಡಿಸುತ್ತಾರಂತೆ.

"ಇದು ಬರೀ ಜಾಗ ಕಮ್ಮಿ ಮಾಡೋದಲ್ಲಮ್ಮ," ಎಂದರು. "ಹಸಿವು ಎಬ್ಬಿಸೋ ಹಾರ್ಮೋನು ಹೊಟ್ಟೇಲಿ ತಯಾರಾಗುತ್ತೆ, ಅದು ತಣ್ಣಗಾಗುತ್ತೆ. ಊಟ ಬೇಗ ಕರುಳಿಗೆ ಇಳಿಯುತ್ತಲ್ಲ, ಅಲ್ಲಿಂದ ಇನ್ನೊಂದು ಥರದ ಹಾರ್ಮೋನು ಜಾಸ್ತಿ ಹೊರಡುತ್ತೆ. ಅದು ಮಿದುಳಿಗೆ ಸಾಕು ಅನ್ನುತ್ತೆ. ಮೇದೋಜೀರಕಕ್ಕೆ ಇನ್ಸುಲಿನ್ ಬಿಡು ಅನ್ನುತ್ತೆ."

"ಹಂಗಾದ್ರೆ ಇಷ್ಟು ವರ್ಷ ನನ್ನೊಳಗೂ ಇನ್ಸುಲಿನ್ ಇತ್ತಾ ಸಾರ್?"

"ಇತ್ತು. ಸರಿಯಾಗಿ ಕೇಳೋರಿರಲಿಲ್ಲ."

ಅವರು ಹೇಳಿದ ಹಾಗೇ ಆಯಿತು. ವಾರದೊಳಗೆ, ತೂಕದ ಮೆಷಿನ್ ಇನ್ನೂ ನನ್ನನ್ನು ನೋಡಿ ನರಳುತ್ತಿದ್ದಾಗಲೇ, ಶುಗರ್ ಇಳಿಯಿತು. ಮೊದಲು ಸೂಜಿ ನಿಂತಿತು, ಆಮೇಲೆ ಮಾತ್ರೆ. "ನನ್ನನ್ನ ಕೇಳದೆ ಮತ್ತೆ ಆ ಮಾತ್ರೆ ಮುಟ್ಟಬೇಡಿ," ಎಂದರು ಡಾಕ್ಟರು. ಸರಿ ಸಾರ್ ಎಂದೆ. ನಾನು ಯಾರಿಗೆ ಸರಿ ಅಂದಿಲ್ಲ.

ಶುಗರ್ ಜೊತೆ ಹಸಿವೂ ಹೊರಟುಹೋಯಿತು. ಇದನ್ನು ಹೇಗೆ ವಿವರಿಸಲಿ. ಒಂದು ಭಾನುವಾರ ನಸುಕಿನಲ್ಲಿ ಹಾಲು ತರಲು ಹೋದೆ. ನಮ್ಮೂರಿನ ಹೆಸರಾದ ಬೆಳಗಿನ ಜಾವದ ಬಿರಿಯಾನಿಗೆ ಜನ ಎಂದಿನಂತೆ ಕ್ಯೂ ನಿಂತಿದ್ದರು. ಹಬೆಯಾಡುವ ಹಂಡೆಯ ಪಕ್ಕದಲ್ಲೇ ನಡೆದು, ಹಾಲು ತೆಗೆದುಕೊಂಡು, ಹಾಲು ಮಾತ್ರ ತೆಗೆದುಕೊಂಡು, ಮನೆಗೆ ಬಂದೆ. ಬಂದು ಅತ್ತುಬಿಟ್ಟೆ. ನಮ್ಮೆಜಮಾನರು ಗಾಬರಿಯಿಂದ ಯಾರು ಹೋದರು ಎಂದು ಕೇಳಿದರು.

ಹೀಗಿರುವಾಗ ಮಗಳ ಮದುವೆಯಾಯಿತು. ಮದುವೆಯೇನೋ ಮುಗಿಯಿತು, ನಮ್ಮವರಲ್ಲಿ ಅದಕ್ಕಿಂತ ದೊಡ್ಡ ಪರೀಕ್ಷೆ ಬೀಗರ ಊಟ. ಗಂಡಿನ ಮನೆಯವರು ಜಡಿಗೇನಹಳ್ಳಿ ಕಡೆಯವರು. ಮದುವೆಯಾದ ಮೇಲೆ ನಮ್ಮನ್ನೆಲ್ಲ ಕರೆದು ಬಾಡೂಟ ಹಾಕುತ್ತಾರೆ. ಹೆಣ್ಣಿನ ತಂದೆತಾಯಿಯ ಎಲೆಗೆ ಬೀಗರೇ ನಿಂತು ಬಲವಂತ ಮಾಡಿ ಬಡಿಸಬೇಕು, ನಾವು ಬೇಡ ಬೇಡ ಅನ್ನುತ್ತ ಎಲ್ಲವನ್ನೂ ತಿನ್ನಬೇಕು, ನಮ್ಮ ಎಲೆ ಮುಗಿಯುವ ತನಕ ಪಂಕ್ತಿಯಲ್ಲಿ ಯಾರೂ ಏಳಬಾರದು. ಹಳೆಯ ನಾನಾಗಿದ್ದರೆ ಇಂಥ ಪರೀಕ್ಷೆಯಲ್ಲಿ ರ‍್ಯಾಂಕ್ ಬರುತ್ತಿದ್ದೆ.

ಹಿಂದಿನ ದಿನ ಮಗಳು ಫೋನ್ ಮಾಡಿದಳು. ದನಿ ಸಣ್ಣದಾಗಿತ್ತು.

"ಅಮ್ಮ, ಇಲ್ಲಿ ಇವರ ಅಜ್ಜಿ ಎಲೆ ನೋಡಿ ಜನಾನ ಅಳೀತಾರೆ. ದೊಡ್ಡ ಸೊಸೆ ಕಡೆಯೋರು ಬೀಗರ ಊಟದಲ್ಲಿ ಎಲೇಲಿ ಬಿಟ್ಟೆದ್ದಿದ್ರಂತೆ. ಆ ಅಕ್ಕ ಪಾಪ ಇವತ್ತಿಗೂ ಆ ಮಾತು ಕೇಳ್ತಾ ಇದ್ದಾರೆ. ನೀನು ಏನೂ ಬಿಡ್ಬೇಡ."

"ನಂಗೆ ಹಸಿವೇ ಆಗಲ್ವಲ್ಲೇ."

"ಇದೊಂದು ಊಟ ನನಗೋಸ್ಕರ ತಿನ್ನಮ್ಮ."

ಇಷ್ಟು ವರ್ಷ ತಿಂದಿದ್ದು ನನಗೋಸ್ಕರವೇ ಆದ್ದರಿಂದ ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಕಡೆ ಶುಗರ್ ಇರುವವರು ಬಾಡೂಟಕ್ಕೆ ಹೊರಡುವ ಮುಂಚೆ ಒಂದು ಮಾತ್ರೆ ಹೆಚ್ಚಿಗೆ ನುಂಗುವುದುಂಟು. ಯಾವ ಡಾಕ್ಟರೂ ಬರೆದುಕೊಟ್ಟಿದ್ದಲ್ಲ. ಮಳೆ ಬರಬಹುದು ಎಂದು ಕೊಡೆ ಹಿಡಿದು ಹೊರಡುತ್ತೀವಲ್ಲ, ಹಾಗೆ. ಹೊರಡುವಾಗ, ತಾವೂ ಶುಗರ್‌ನವರೇ ಆದ ನಮ್ಮೆಜಮಾನರು ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಒಂದನ್ನು ಬಾಯಿಗೆ ಹಾಕಿಕೊಂಡರು. ನಾನೂ ಕೈ ಚಾಚಿದೆ.

"ನಿಂಗ್ಯಾಕೆ? ನಿಂದು ನಿಲ್ಸವ್ರಲ್ಲ."

"ಬಲವಂತಕ್ಕೆ ಜಾಸ್ತಿ ತಿಂದ್ಬಿಟ್ರೆ?"

"ತಿನ್ನಕ್ಕೇ ಆಗಲ್ಲ ಅಂತ ಬೆಳಗ್ಗಿಂದ ಗೋಳಾಡ್ತಿದ್ದೆ."

"ಇರ್ಲಿ ಕೊಡ್ರೀ, ಧೈರ್ಯಕ್ಕೆ," ಎಂದು ಇಸಿದುಕೊಂಡು ನುಂಗಿದೆ.

ಬಾಡೂಟ ಹೇಳಿದ ಹೊತ್ತಿಗೆ ಆದ ಊರು ನಾನಂತೂ ನೋಡಿಲ್ಲ. ಮಟನ್ ಇನ್ನೂ ಬೆಂದಿಲ್ಲ ಎಂದು ಶಾಮಿಯಾನದಲ್ಲಿ ಕೂರಿಸಿದರು. ಕೂತೆವು, ಕೂತೇ ಇದ್ದೆವು. ಕೊನೆಗೆ ಎಲೆ ಹಾಕಿದರು. ಪಂಕ್ತಿಯ ತುದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಅಜ್ಜಿ ಕೂತಿದ್ದರು. ನನ್ನ ಬೀಗಿತ್ತಿ, ಅಂದರೆ ಅಳಿಯನ ತಾಯಿ, ತಾವೇ ಮುದ್ದೆಯ ತಟ್ಟೆ ಹಿಡಿದು ಬಂದರು.

"ಏನ್ ಬೀಗ್ತಿ, ಮದುವೇಲಿ ನೋಡಿದ್ಕಿಂತ ಸೊರಗೋಗಿದ್ದೀರ. ಮಗಳನ್ನ ನಮ್ಗೆ ಕೊಟ್ಬುಟ್ವಲ್ಲ ಅಂತ ಕೊರಗಾ?"

"ಹೊಟ್ಟೆ ಕುಯ್ಸಿದ್ದೀನಲ್ರೀ. ಗೋಲಿಯಷ್ಟು ಇಕ್ಕಿ ಸಾಕು."

"ಕುಯ್ಸಿರೋದು ಹೊಟ್ಟೆ ತಾನೆ, ಬಾಯಿ ನೆಟ್ಟಗದೆ," ಎಂದು ಇಡೀ ಮುದ್ದೆಯನ್ನೇ ಇಟ್ಟರು. ಮೇಲೆ ಸಾರು, ಪಕ್ಕಕ್ಕೆ ಚಾಪ್ಸು, ಕೈಮಾ ಉಂಡೆ. ದೂರದಲ್ಲಿ ನೀರಿನ ಜಗ್ ಹಿಡಿದಿದ್ದ ನನ್ನ ಮಗಳ ಮುಖ ಪರೀಕ್ಷೆ ಹಾಲ್‌ನ ಹೊರಗೆ ನಿಂತ ತಾಯಿಯ ಮುಖದ ಹಾಗಿತ್ತು.

ಚೂರು ಚೂರು ಮಾಂಸ ಅಗಿಯುತ್ತ ಕಾಲ ತಳ್ಳುತ್ತಿದ್ದೆ. ಆಗ ಬಂತು ನೋಡಿ. ಹಸಿವು. ಎಷ್ಟೋ ತಿಂಗಳಿಂದ ಮುಖ ತೋರಿಸದಿದ್ದ ಹಸಿವು, ಹೊಟ್ಟೆಯ ತಳದಿಂದ ಕೈ ಬೆರಳಿನ ತನಕ ನಡುಗಿಸಿಕೊಂಡು ಬಂತು. ಮಗಳ ಮಾನ ಉಳಿಸಲು ದೇವರೇ ಕಳಿಸಿದ ಎಂದುಕೊಂಡೆ. ಮೈ ಬೆವರಿದ್ದು ಸಾರಿನ ಖಾರಕ್ಕೆ ಎಂದುಕೊಂಡೆ. ಸಂತೋಷದಲ್ಲಿ, ಎಲ್ಲವನ್ನೂ ನುಣ್ಣಗೆ ಅಗಿಯಬೇಕು ಎನ್ನುವ ಡಾಕ್ಟರ ಮಾತು ಮರೆತೆ. ಮುದ್ದೆಯನ್ನು ಅಗಿದು ತಿನ್ನುವವರನ್ನು ನಮ್ಮಲ್ಲಿ ಊಟ ಗೊತ್ತಿಲ್ಲದವರು ಅನ್ನುತ್ತಾರೆ. ದೊಡ್ಡ ತುತ್ತು ಮುರಿದೆ, ಸಾರಿನಲ್ಲಿ ಅದ್ದಿದೆ, ಹಳೆಯ ಗತ್ತಿನಲ್ಲಿ ನುಂಗಿದೆ. ಅದರ ಹಿಂದೆಯೇ ಇನ್ನೊಂದು.

ಎರಡೂ ಆ ಪುಟ್ಟ ಚೀಲದ ಬಾಗಿಲಲ್ಲಿ ಸಿಕ್ಕಿಕೊಂಡವು.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಬೀಗರ ಹಿತ್ತಲು, ಕರಿಬೇವಿನ ಗಿಡ, ಹೊಸ ರೇಷ್ಮೆ ಸೀರೆ, ನಾನು. ಮಗಳು ಬೆನ್ನು ನೀವುತ್ತಿದ್ದಳು. ತಿಂದಿದ್ದೆಲ್ಲ ಹೊರಗೆ ಬಂದ ಮೇಲೂ ಕೈ ನಡುಗುತ್ತಿತ್ತು, ಕಣ್ಣು ಮಂಜಾಗುತ್ತಿತ್ತು. ಶುಗರ್ ನೋಡುವ ಮೆಷಿನ್ ಈಗ ಯಾವ ಮನೆಯಲ್ಲಿಲ್ಲ, ಬೀಗಿತ್ತಿ ಓಡಿ ತಂದರು. ಬೆರಳು ಚುಚ್ಚಿದಾಗ ತೀರ ಕೆಳಗೆ ಬಿದ್ದಿದ್ದ ನಂಬರ್ ನೋಡಿ ನಮ್ಮೆಜಮಾನರು ತಮ್ಮ ಜೇಬು ಮುಟ್ಟಿಕೊಂಡರು.

"ಸಕ್ಕರೆ ನೀರು ತತ್ತಾ," ಎಂದರು ಮಗಳಿಗೆ.

"ಸಕ್ಕರೆ ಕಾಯ್ಲೆಯೋಳಿಗೆ ಸಕ್ಕರೆನೇನಪ್ಪಾ?" ಎಂದರು ಕುರ್ಚಿಯಿಂದ ಎದ್ದು ಬಂದಿದ್ದ ಅಜ್ಜಿ.

ಗುಟುಕು ಗುಟುಕಾಗಿ ಕುಡಿದೆ. ಪ್ರಪಂಚ ಮೆಲ್ಲಗೆ ತನ್ನ ಜಾಗಕ್ಕೆ ವಾಪಸ್ ಬಂತು. ಯಜಮಾನರು ಡಾಕ್ಟರಿಗೆ ಫೋನ್ ಹಚ್ಚಿ, ಮಾತ್ರೆಯ ವಿಷಯ ಒಪ್ಪಿಕೊಂಡು, ನನ್ನ ಕಿವಿಗೆ ಹಿಡಿದರು.

"ಅದು ಹಸಿವಲ್ಲಮ್ಮ, ಶುಗರ್ ಬಿದ್ದ ಒದ್ದಾಟ," ಎಂದರು ಡಾಕ್ಟರು. "ಆ ಮಾತ್ರೆ ಇರೋದು ಮಲಗಿರೋ ಮೇದೋಜೀರಕಾನ ಬಡಿದೆಬ್ಬಿಸೋಕೆ. ನಿಮ್ಮದನ್ನ ಹಾರ್ಮೋನು ಆಗಲೇ ಎಬ್ಬಿಸಿ ಕೂರಿಸಿದೆ. ಎದ್ದಿರೋರನ್ನ ಬಡಿದ್ರೆ ಸುಮ್ನಿರ್ತಾರಾ? ಇನ್ನೊಂದು ಸಲ ಚೆಕ್ ಮಾಡಿ, ಮತ್ತೆ ಇಳಿದ್ರೆ ತಕ್ಷಣ ಬನ್ನಿ."

ಅಂತೂ ಬಂದ ಹಸಿವೂ ನನ್ನದಲ್ಲ, ಗಂಡನ ಜೇಬಿನದು.

ಶಾಮಿಯಾನಕ್ಕೆ ವಾಪಸ್ ಬಂದಾಗ ಪಂಕ್ತಿ ಹಾಗೇ ಕೂತಿತ್ತು. ಊಟ ಮುಗಿದು ಎಲ್ಲರ ಕೈ ಒಣಗುತ್ತಿತ್ತು, ಆದರೂ ಯಾರೂ ಎದ್ದಿರಲಿಲ್ಲ. ನನ್ನ ಎಲೆಯಲ್ಲಿ ಮುಕ್ಕಾಲು ಮುದ್ದೆ, ಮುಟ್ಟದ ಚಾಪ್ಸು, ತಣ್ಣಗಾದ ಸಾರು. ಅಜ್ಜಿ ಎಲೆಯನ್ನು ನೋಡಿದರು. ಮಗಳೂ ನೋಡಿದಳು. ನಾನು ಕೂತು ಮತ್ತೆ ಕೈ ಹಾಕಲು ಹೋದೆ.

ಮಗಳು ಮತ್ತೆ ಹಿಡಿದಿದ್ದ ಜಗ್ ಕೆಳಗಿಟ್ಟು, ನನ್ನ ಕೈ ಪಕ್ಕಕ್ಕೆ ಸರಿಸಿ, ಸೆರಗು ಸಿಕ್ಕಿಸಿಕೊಂಡು ನನ್ನ ಎಲೆಯ ಮುಂದೆಯೇ ಕೂತಳು. ಮುದ್ದೆ ಮುರಿದಳು.

"ಹೊಸ ಸೊಸೆ ಎಂಜಲೆಲೆಗೆ ಕುಂತ್ಯಲ್ಲವ್ವ," ಎಂದರು ಅಜ್ಜಿ.

"ನಮ್ಮಮ್ಮನ ಎಲೆ ಅಜ್ಜಿ," ಎಂದಳು, ತಲೆ ಎತ್ತದೆ.

ಅಜ್ಜಿ ತಮ್ಮ ಸೊಸೆ, ಅಂದರೆ ನನ್ನ ಬೀಗಿತ್ತಿಯ ಕಡೆ ತಿರುಗಿ, "ಏನ್ ನೋಡ್ತಾ ನಿಂತೆ, ಆ ಎಲೆಗೆ ಬಿಸಿ ಸಾರು ಬುಡು, ಆರೋಗದೆ," ಎಂದರು.

ಬೀಗಿತ್ತಿ ಸಾರು ಬಿಟ್ಟರು. ನಾನು ಪಕ್ಕದಲ್ಲಿ ಕೆಲಸವಿಲ್ಲದೆ ಕೂತಿದ್ದೆ. ಹೊಟ್ಟೆಯಲ್ಲಿ ಯಾವ ಕೂಗೂ ಇರಲಿಲ್ಲ. ನನ್ನ ಮಗಳು ಮುದ್ದೆಯನ್ನು ಎಡಗಡೆಯಿಂದ ಮುರಿಯುತ್ತಾಳೆ. ಮೂಳೆ ಚೀಪುವಾಗ ಒಂದು ಕಣ್ಣು ಮುಚ್ಚುತ್ತಾಳೆ. ಹುಟ್ಟಿದಾಗಿಂದ ಅವಳ ಜೊತೆ ಕೂತು ಉಂಡಿದ್ದೇನೆ, ಇದು ನನಗೆ ಗೊತ್ತಿರಲಿಲ್ಲ. ಆಗೆಲ್ಲ ನಾನು ನನ್ನ ಎಲೆ ನೋಡುವುದರಲ್ಲಿ ಬಿಜಿಯಾಗಿದ್ದೆ.